ಬಿಸಿ ತಣ್ಣೀರು

ಆಡು ಸತ್ತಾಗ ನಮ್ಮ ಫ್ರೀಜರಿನಲ್ಲಿ ಉಳಿದದ್ದು ಅದರ ರಕ್ತದಿಂದ ತೆಗೆದ ಅರವತ್ತು ಮಿಲಿಲೀಟರ್ ಸೀರಂ. ಐದು ತಿಂಗಳು ಆ ಆಡಿಗೆ ಚುಚ್ಚುಮದ್ದು ಕೊಟ್ಟು, ಅದರ ರಕ್ತದಲ್ಲಿ ನಮಗೆ ಬೇಕಾದ ಆಂಟಿಬಾಡಿ ಹುಟ್ಟುವಂತೆ ಮಾಡಿದ್ದೆವು. ಮೂತ್ರಪಿಂಡ ಕೆಡಲು ಶುರುವಾದಾಗ ಮೂತ್ರದಲ್ಲಿ ಸೋರುವ ಒಂದು ಪ್ರೋಟೀನನ್ನು ಹಿಡಿಯಬಲ್ಲ ಆಂಟಿಬಾಡಿ ಅದು. ಅದನ್ನು ಕಾಗದದ ಪಟ್ಟಿಯ ಮೇಲೆ ಕೂರಿಸಿ, ಬಸ್‌ಸ್ಟಾಪಿನ ಪಕ್ಕದ ಕ್ಲಿನಿಕ್‌ನಲ್ಲೂ ನೋಡಬಹುದಾದ ಪರೀಕ್ಷೆ ಮಾಡಬೇಕೆಂಬುದು ಕಂಪನಿಯ ಆಸೆ. ಇನ್ನೊಂದಿಷ್ಟು ರಕ್ತ ತೆಗೆಯೋಣ ಅನ್ನುವಷ್ಟರಲ್ಲಿ ಆಡು ಏನನ್ನೋ ತಿಂದು, ಹೊಟ್ಟೆ ಉಬ್ಬಿಸಿಕೊಂಡು ಒಂದೇ ದಿನದಲ್ಲಿ ಸತ್ತುಹೋಯಿತು. ಆಡಿನ ಮೇಲೂ ಸಿಟ್ಟು ಮಾಡಿಕೊಳ್ಳಬಹುದು ಅಂತ ನನಗೆ ಗೊತ್ತಾದದ್ದು ಅವತ್ತೇ.

ಆ ಅರವತ್ತು ಮಿಲಿಯಿಂದ ಶುದ್ಧ ಆಂಟಿಬಾಡಿ ತೆಗೆಯುವುದು ನನ್ನ ಜವಾಬ್ದಾರಿ. ಸೀರಂ ಎಂದರೆ ಪ್ರೋಟೀನುಗಳ ಜಾತ್ರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್. ಅದನ್ನು ಬೇರ್ಪಡಿಸಲು ನಾವು ಬಳಸುವುದು ವಿದ್ಯುದಂಶವನ್ನು. ಗಾಜಿನ ಕೊಳವೆಯೊಂದರಲ್ಲಿ ಧನ ಅಂಶ ಹೊತ್ತ ರಾಳದ ಸಣ್ಣ ಮಣಿಗಳನ್ನು ತುಂಬುತ್ತೇವೆ. ಇದೇ ಕಾಲಂ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಎಂಟಕ್ಕೆ ಸರಿಮಾಡಿದ ಬಫರ್ ದ್ರಾವಣದ ಜೊತೆ ಸೀರಂ ಇಳಿಬಿಟ್ಟರೆ, ಋಣ ಅಂಶ ಹೆಚ್ಚಿರುವ ಆಲ್ಬುಮಿನ್ ಮಣಿಗಳಿಗೆ ಅಂಟಿಕೊಳ್ಳುತ್ತದೆ. ನಮ್ಮ ಆಂಟಿಬಾಡಿ ಅಂಟದೆ ನೇರವಾಗಿ ಕೆಳಗಿಳಿದು ಬರುತ್ತದೆ. ಕೊನೆಗೆ ಉಪ್ಪುನೀರು ಬಿಟ್ಟರೆ ಅಂಟಿಕೊಂಡದ್ದೆಲ್ಲ ಕಳಚಿ ಬರುತ್ತದೆ. ಕೇಳಲು ಇಷ್ಟೇ ಸುಲಭ. ನಮ್ಮ ಕಾಲಂ ಒಂದು ಸಲಕ್ಕೆ ತಡೆದುಕೊಳ್ಳುವುದು ಹತ್ತು ಮಿಲಿ. ಅಂದರೆ ನನ್ನ ಕೈಯಲ್ಲಿ ಇದ್ದದ್ದು ಆರು ಅವಕಾಶ, ಆರು ರನ್.

ಈ ಕೆಲಸಕ್ಕೆ ನನ್ನ ಜೊತೆ ಕೊಟ್ಟ ತಂತ್ರಜ್ಞೆಯ ವಯಸ್ಸು ಮೂವತ್ತೆಂಟು. ಮದುವೆಗೆ ಮೊದಲು ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದವರು, ಹನ್ನೊಂದು ವರ್ಷ ಮನೆಯಲ್ಲಿದ್ದು, ಈಗ ಆರು ತಿಂಗಳ ಪ್ರೊಬೇಷನ್ ಮೇಲೆ ಮತ್ತೆ ಕೆಲಸಕ್ಕೆ ಸೇರಿದ್ದರು. ಮೂರು ತಲೆಮಾರಿನ ಹಿಂದೆ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದ ಮನೆತನ. ಕ್ರೋಂಪೇಟೆ ಸ್ಟೇಷನ್ ಹತ್ತಿರ ಅವರ ಮಾವನದೇ ಹೋಟೆಲು. ಹೋಟೆಲಿನ ಗಲ್ಲಾದಲ್ಲಿ ಕೂರಲು ಸೊಸೆಯೇ ಬೇಕೆಂದು ಮಾವನ ಹಟ. "ಈ ಕೆಲ್ಸ ಪರ್ಮನೆಂಟ್ ಆಗ್ಲಿಲ್ಲ ಅಂದ್ರೆ ನಂಗೆ ಗಲ್ಲಾನೇ ಗತಿ ಮೇಡಂ. ಇನ್ನೊಂದು ವಾಟಿ ಮನೇಲಿ ಬಿಡಲ್ಲ," ಎಂದು ಊಟದ ಹೊತ್ತಿನಲ್ಲಿ ಒಮ್ಮೆ ಹೇಳಿದ್ದರು.

"ವಾಟಿ ಅಲ್ಲ ಕಣ್ರೀ, ಸಲ," ಎಂದು ನಾನು ತಿದ್ದಿದ್ದೆ.

ಈ ತಿದ್ದುವ ಚಟದ ಬಗ್ಗೆ ಹೇಳಲೇಬೇಕು. ನಾನು ಮಂಡ್ಯದವಳು. ಚೆನ್ನೈಗೆ ಬಂದು ಹನ್ನೊಂದು ವರ್ಷವಾದರೂ ಕೆಲಸದ ಜಾಗದಲ್ಲಿ ಕನ್ನಡ ಆಡಲು ಒಬ್ಬರೂ ಸಿಕ್ಕಿರಲಿಲ್ಲ. ಇವರು ಬಂದದ್ದೇ ನನಗೆ ಹಬ್ಬವಾಯಿತು. ಅವರು ನನ್ನೊಂದಿಗೆ ಇಂಗ್ಲಿಷಿನಲ್ಲೇ ಶುರುಮಾಡಿದ್ದರು, ನಾನೇ "ನಮ್ಮಿಬ್ಬರ ಮಧ್ಯೆ ಅದ್ಯಾಕ್ರೀ? ಕನ್ನಡದಲ್ಲೇ ಮಾತಾಡಿ" ಎಂದು ಅಪ್ಪಣೆ ಹೊರಡಿಸಿದೆ. ಅವರ ಕನ್ನಡದಲ್ಲಿ ತಮಿಳು ಧಾರಾಳವಾಗಿತ್ತು. ಸ್ವಲ್ಪ ಎನ್ನಲು ಕೊಂಜ, ಆದರೆ ಎನ್ನಲು ಆನಾ. ಒಂದೊಂದನ್ನೂ ಹಿಡಿದು ಸರಿಪಡಿಸುತ್ತಿದ್ದೆ. ಅವರು ನಕ್ಕು ತಲೆಯಾಡಿಸುತ್ತಿದ್ದರು. ಆ ನಗುವಿನಲ್ಲಿ ಮುಜುಗರವೂ ಇತ್ತೆಂದು ಆಗ ನಾನು ಗಮನಿಸಲಿಲ್ಲ.

ಮೊದಲ ದಿನ ಅವರನ್ನು ಎದುರು ಕೂರಿಸಿಕೊಂಡು ಕೆಲಸ ವಿವರಿಸಿದೆ. "ಸೀರಂ ನಿಧಾನಕ್ಕೆ ಕರಗಿಸಿ. ಡಯಾಲಿಸಿಸ್ ಚೀಲಕ್ಕೆ ಹಾಕಿ, ಅದರಲ್ಲಿರೋ ಉಪ್ಪೆಲ್ಲ ಹೋಗೋ ತನಕ ಬಫರ್ ಬದಲಾಯಿಸ್ತಾ ಇರಿ. ಕಾಲಂ ಕೋಲ್ಡ್ ರೂಮಲ್ಲೇ ಇರುತ್ತೆ, ನಾಲ್ಕು ಡಿಗ್ರೀಲಿ. ಆಚೆ ತರೋ ಹಾಗಿಲ್ಲ. ಟ್ರಿಸ್ ಬಫರನ್ನ ತಣ್ಣೀರಲ್ಲೇ ಮಾಡಿ, ಅದರಲ್ಲೇ ಪಿಎಚ್ ಎಂಟಕ್ಕೆ ತನ್ನಿ."

ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿದರು. "ತಣ್ಣೀರಲ್ಲೇನಾ ಮೇಡಂ?"

"ಹೌದು, ತಣ್ಣೀರಲ್ಲೇ. ಕನ್ನಡ ಅರ್ಥ ಆಗುತ್ತೆ ತಾನೆ?"

"ಆಗುತ್ತೆ ಮೇಡಂ. ಆಸ್ಪತ್ರೇಲಿ ಎಲ್ಲಾ ಸಲೈನಲ್ಲೇ ಕಲಸ್ತಿದ್ವಿ, ಅದುಕ್ಕೆ ಕೇಳ್ದೆ."

ನಾನು ಮುಂದಿನ ವಿಷಯಕ್ಕೆ ಹೋದೆ.

ಮೊದಲ ರನ್ ಸೋಮವಾರ. ಕಾಲಂನಿಂದ ಹೊರಬರುವ ದ್ರವದಲ್ಲಿ ಎಷ್ಟು ಪ್ರೋಟೀನಿದೆ ಎಂಬುದನ್ನು ಡಿಟೆಕ್ಟರ್ ಅಳೆದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಸೀರಂ ಇಳಿಯುತ್ತಿದ್ದ ಹಾಗೆ ಗೆರೆ ಮೇಲೇರಬೇಕಿತ್ತು, ಅದೇ ಆಂಟಿಬಾಡಿ. ಅದು ಏಳಲೋ ಬೇಡವೋ ಎಂಬಂತೆ ಒಂದಿಷ್ಟು ತಲೆಯೆತ್ತಿ ಮಲಗಿಬಿಟ್ಟಿತು. ಉಪ್ಪುನೀರು ಬಿಟ್ಟಾಗ ಮಾತ್ರ ಗುಡ್ಡದಂತೆ ಎದ್ದಿತು. ಪ್ರೋಟೀನುಗಳನ್ನು ಪಟ್ಟೆಗಳಾಗಿ ಬಿಡಿಸಿ ತೋರಿಸುವ ಜೆಲ್ ಮೇಲೆ ಓಡಿಸಿ ನೋಡಿದರೆ ಆಂಟಿಬಾಡಿಯೂ ಆಲ್ಬುಮಿನ್ನೂ ಒಂದೇ ಟ್ಯೂಬಿನಲ್ಲಿ ಆರಾಮಾಗಿ ಕೂತಿವೆ. ಆಂಟಿಬಾಡಿಯೂ ಮಣಿಗಳಿಗೆ ಅಂಟಿಕೊಂಡಿತ್ತು. ಯಾಕೆ?

ಬಫರಿನ ಪಿಎಚ್ ತಪ್ಪಿರಬೇಕು ಎಂದು ಮೊದಲು ಅನುಮಾನ ಬಂದದ್ದು ನಿಜ. ಬೆಂಚಿನ ಮೇಲೆ ಉಳಿದಿದ್ದ ಬಾಟಲಿಯಿಂದ ತೆಗೆದು ನಾನೇ ಮೀಟರಿಗೆ ಹಿಡಿದೆ. ಎಂಟು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ನಾನು ಎರಡು ವಾಟಿ... ಎರಡು ಸಲ ನೋಡ್ದೆ ಮೇಡಂ," ಎಂದರು ಅವರು. ಬಫರನ್ನು ಅಲ್ಲಿಗೇ ಆರೋಪಿಗಳ ಪಟ್ಟಿಯಿಂದ ತೆಗೆದುಹಾಕಿದೆ.

ಎರಡನೇ ರನ್‌ಗೆ ಡಯಾಲಿಸಿಸ್ ಸಮಯವನ್ನು ಎರಡರಷ್ಟು ಮಾಡಿದೆವು. ಅದೇ ಕಥೆ. ಮೂರನೆಯದಕ್ಕೆ ಮೊದಲು ಕಾಲಂ ಬಿಚ್ಚಿ, ರಾಳವನ್ನೆಲ್ಲ ಹೊರತೆಗೆದು, ಕ್ಷಾರದಲ್ಲಿ ತೊಳೆದು, ಆಮ್ಲದಲ್ಲಿ ತೊಳೆದು, ಗಾಳಿ ಸಿಕ್ಕಿಕೊಳ್ಳದ ಹಾಗೆ ಮತ್ತೆ ತುಂಬಿದೆವು. ಎರಡು ದಿನದ ಕೆಲಸ. ಕೋಲ್ಡ್ ರೂಮಿನಲ್ಲಿ ನಿಂತು ನಿಂತು ನನ್ನ ಗಂಟಲು ಕಟ್ಟಿತು. ಒಳಗೆ ಸ್ವೆಟರು, ಹೊರಗೆ ಬಂದರೆ ಚೆನ್ನೈನ ಬೆವರು. ಮೂರನೆಯದೂ ಕೈಕೊಟ್ಟಿತು. ಕಲಬೆರಕೆಯಾದ ಟ್ಯೂಬುಗಳನ್ನು ಒಟ್ಟುಮಾಡಿ ಮತ್ತೆ ಡಯಾಲಿಸಿಸ್ ಮಾಡಿ ಓಡಿಸಿಯೂ ನೋಡಿದೆ. ಬೇರೆಯಾಗುವುದಿರಲಿ, ಆಂಟಿಬಾಡಿಯ ಬಲವೇ ಕುಂದಿತ್ತು. ಪರದೆಯ ಮೇಲಿನ ಆ ಗುಡ್ಡವನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ನೀವು ಏನೋ ಬಿಟ್ಟುಬಿಡ್ತಾ ಇದೀರ ಕಣ್ರೀ. ಯೋಚನೆ ಮಾಡಿ," ಎಂದೆ.

ಅವರು ತಮ್ಮ ನೋಟ್‌ಬುಕ್ ತೆರೆದು ತೋರಿಸಿದರು. ನಾನು ಹೇಳಿದ ಒಂದೊಂದು ಮಾತೂ, ನಂಬರು ಹಾಕಿ, ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಬರೆದಿದ್ದರು. "ಇದ್ರಲ್ಲಿ ಇರೋದು ಒಂದೂ ಬಿಟ್ಟಿಲ್ಲ ಮೇಡಂ." ಪುಸ್ತಕ ನನ್ನ ಮುಂದೆ ತೆರೆದೇ ಇತ್ತು. ನಾನು ಓದಲಿಲ್ಲ. ಅವರ ಪ್ರಾಮಾಣಿಕತೆಯೇ ನನಗೆ ಕಿರಿಕಿರಿಯಾಗುತ್ತಿತ್ತು.

ನಾಲ್ಕನೆಯದರ ನೆನಪು ಈಗಲೂ ಹಿಂಸೆ. ಶುಕ್ರವಾರ ಬೆಳಗ್ಗೆ ಬಂದಾಗ ಕೋಲ್ಡ್ ರೂಮಿನ ಕಂಪ್ರೆಸರ್ ಕೆಟ್ಟು ನಿಂತಿತ್ತು. ಒಳಗೆ ಇಪ್ಪತ್ತಾರು ಡಿಗ್ರಿ. ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ ಪಲ್ಲಾವರಂ ದಾಟುತ್ತಿದ್ದೇನೆ ಎಂದ. ಒಂದು ಗಂಟೆ ಬಿಟ್ಟು ಮಾಡಿದರೂ ದಾಟುತ್ತಲೇ ಇದ್ದ. ಶುಕ್ರವಾರದ ಸಂತೆಯಲ್ಲಿ ಅವನ ಗಾಡಿ ಸಿಕ್ಕಿಕೊಂಡಿತ್ತು. ಸೀರಂ ಕರಗಿಸಿ ಡಯಾಲಿಸಿಸ್ ಮುಗಿಸಿಟ್ಟಾಗಿತ್ತು. ಕಾಯುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. "ಆಗೋದು ಆಗ್ಲಿ, ಓಡಿಸಿ," ಎಂದು ಹೇಳಿ ಮೀಟಿಂಗಿಗೆ ಹೋದೆ.

ಮಧ್ಯಾಹ್ನ ತಿರುಗಿ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು. "ಮೇಡಂ, ಈ ಸಲ ಚೆನ್ನಾಗಿ ಬಂದಂಗಿದೆ. ಮೊದ್ಲು ಒಂದು ದೊಡ್ಡ ಪೀಕ್ ಬಂತು, ಆಮೇಲೆ ಉಪ್ಪಲ್ಲಿ ಬೇರೆ."

ಪರದೆ ನೋಡಿದೆ. ನಿಜವಾಗಿಯೂ ಮೊದಲಲ್ಲೇ ಎತ್ತರದ ಗೆರೆ ಇತ್ತು. ಆದರೆ ತಣ್ಣಗಿದ್ದ ದ್ರಾವಣ ಬೆಚ್ಚಗಾದಾಗ ಅದರೊಳಗಿನ ಗಾಳಿ ಗುಳ್ಳೆಗಳಾಗಿ ಏಳುತ್ತದೆ. ಗುಳ್ಳೆ ಡಿಟೆಕ್ಟರಿನ ಮುಂದೆ ಹಾದರೆ ಸುಳ್ಳು ಗೆರೆ ಬೀಳುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಬೇಕಾದದ್ದಕ್ಕಿಂತ ಹೆಚ್ಚು ಗೊತ್ತಿದ್ದದ್ದೇ ತೊಂದರೆಯಾಯಿತು.

"ಗುಳ್ಳೆ ಕಣ್ರೀ ಅದು. ಇಡೀ ದಿನ ಸೆಖೇಲಿ ಇದ್ದದ್ದನ್ನ ಇಟ್ಟುಕೊಂಡು ಏನ್ ಮಾಡೋದು? ಚೆಲ್ಲಿ."

"ಒಂದು ಜೆಲ್ ಓಡಿಸಿ ನೋಡ್ಲಾ ಮೇಡಂ?"

"ಚೆಲ್ಲಿ ಅಂದ್ನಲ್ಲ."

ಅರ್ಧ ದಿನದ ಸೆಖೆಗೆ ಕೆಡುವಷ್ಟು ನಾಜೂಕಿನ ವಸ್ತುವಲ್ಲ ಆಂಟಿಬಾಡಿ. ಅದೂ ನನಗೆ ಗೊತ್ತಿತ್ತು. ಅವತ್ತು ಚೆಲ್ಲಿಸಿದ್ದು ನನ್ನ ಸಿಟ್ಟು. ಅವರು ಒಂದೊಂದೇ ಟ್ಯೂಬನ್ನು ಸಿಂಕಿಗೆ ಸುರಿದು, ತೊಳೆದು, ಬೋರಲು ಹಾಕಿದರು.

ಐದನೆಯದಕ್ಕೆ ನಾನೇ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಕಂಪ್ರೆಸರ್ ರಿಪೇರಿಯಾಗಿ ಒಳಗೆ ಮತ್ತೆ ನಾಲ್ಕು ಡಿಗ್ರಿ. ಹಿಂದಿನ ದಿನ ಮಾಡಿಟ್ಟ ಬಫರ್ ಬಾಟಲಿ ತಣ್ಣಗೆ ಕಾಯುತ್ತಿತ್ತು. ಅದರ ಮೇಲೆ ದಿನಾಂಕ, ಪಿಎಚ್ ಎಂಟು ಎಂಬ ಚೀಟಿ. ಅವರು ಕೈಯಿಟ್ಟ ಕಡೆಯೆಲ್ಲ ನನ್ನ ಕಣ್ಣಿತ್ತು. ಒಂದು ತಪ್ಪೂ ಕಾಣಲಿಲ್ಲ. ಆದರೂ ಆಂಟಿಬಾಡಿ ಹೋಗಿ ಆಲ್ಬುಮಿನ್ ಜೊತೆಗೇ ಕೂತಿತು. ಐವತ್ತು ಮಿಲಿ ನೀರಲ್ಲಿ ಹೋಮವಾಗಿತ್ತು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮಂಗಳವಾರ ನಿರ್ದೇಶಕರು ಕರೆದರು. ತಿಂಗಳ ಕೊನೆಗೆ ತಂತ್ರಜ್ಞೆಯ ಪ್ರೊಬೇಷನ್ ಮುಗಿಯುತ್ತದೆ, ವರದಿ ಬೇಕು ಎಂದರು. ಜೊತೆಗೆ, ಇದೇ ವಿಧಾನದಲ್ಲಿ ನೀವು ಹಿಂದೆ ಎಷ್ಟೋ ಸಲ ಆಂಟಿಬಾಡಿ ತೆಗೆದಿದ್ದೀರಿ, ಈ ಸಲ ಹೊಸದೇನಿದೆ ಎಂದು ಕೇಳಿದರು. ಹೊಸದು ಎಂದರೆ ಒಬ್ಬರೇ. ಕಣ್ಣಿಗೆ ಕಾಣದ ತಪ್ಪೊಂದು ಅವರ ಕೈಯಲ್ಲೇ ಇದೆ ಎಂದು ನನ್ನ ಮನಸ್ಸು ಅಷ್ಟರಲ್ಲಿ ತೀರ್ಮಾನಿಸಿಯೂ ಆಗಿತ್ತು. ಮೇಜಿಗೆ ಬಂದು ನಾಲ್ಕು ಸಾಲು ಟೈಪ್ ಮಾಡಿದೆ. ಸೂಚನೆಗಳನ್ನು ಪಾಲಿಸುವುದರಲ್ಲಿ ಎಚ್ಚರ ಸಾಲದು. ಈ ಹುದ್ದೆಯಲ್ಲಿ ಮುಂದುವರಿಸಲು ಶಿಫಾರಸು ಮಾಡಲಾರೆ. ಕಳಿಸುವ ಮೊದಲು ಒಂದು ಕ್ಷಣ ಗಲ್ಲಾದ ಮಾತು ನೆನಪಾಯಿತು. ಕಳಿಸಿದೆ.

ಗುರುವಾರ ನನ್ನ ಗಂಟಲು ಪೂರ್ತಿ ಕೂತುಹೋಗಿತ್ತು. ಕೊನೆಯ ಹತ್ತು ಮಿಲಿಯನ್ನು ಓಡಿಸುವುದೋ ಬೇಡವೋ ಎಂದು ತಿಳಿಯದೆ ಹಳೆಯ ಗೆರೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೆಮ್ಮುತ್ತಿದ್ದೆ. ಅವರು ಬಂದು ನಿಂತರು.

"ಮೇಡಂ, ಕೊಂಜ ಬಿಸಿ ತಣ್ಣೀರು ತರ್ಲಾ? ಗಂಟಲಿಗೆ ಒಳ್ಳೇದು."

ಚಟ ಬಿಡುತ್ತದೆಯೇ? ಒಡೆದ ದನಿಯಲ್ಲೇ ಶುರುಮಾಡಿದೆ: "ಬಿಸಿ ತಣ್ಣೀರು ಅಂದ್ರೆ ಏನ್ರೀ? ಬಿಸಿ ಇದ್ರೆ ಅದು ತಣ್ಣೀರು ಹೇಗಾಗುತ್ತೆ? ಬಿಸಿನೀರು ಅನ್ನಿ..."

ಮಾತು ಅಲ್ಲೇ ನಿಂತಿತು.

ತಮಿಳಿನಲ್ಲಿ ತಣ್ಣಿ ಎಂದರೆ ನೀರು. ಬರೀ ನೀರು. ಕಾಯಿಸಿದರೆ ಸುಡುತಣ್ಣಿ. ಹನ್ನೊಂದು ವರ್ಷದಿಂದ ಕ್ಯಾನಿನ ನೀರು ತರುವವನಿಗೆ, ಹೋಟೆಲಿನ ಮಾಣಿಗೆ, ಆಟೋದವನಿಗೆ ನಾನೇ ದಿನಕ್ಕೆ ಹತ್ತು ಸಲ ಹೇಳುವ ಪದ. ಆದರೆ ಅವರೊಂದಿಗೆ ನಾನು ಆಡುತ್ತಿದ್ದದ್ದು ಕನ್ನಡ. ನನ್ನ ಮಂಡ್ಯದ ಬಾಯಿಯ ತಣ್ಣೀರು ತಣ್ಣಗಿತ್ತು. ಅವರ ಮನೆಯಲ್ಲಿ, ಅವರ ಹೋಟೆಲಿನಲ್ಲಿ, ಮೂರು ತಲೆಮಾರಿನಿಂದ ಅದು ಲೋಟದಲ್ಲಿ ಇಡುವ ನೀರು, ಅಷ್ಟೇ.

"ಬಫರ್ ಯಾವ ನೀರಲ್ಲಿ ಮಾಡ್ತೀರಿ?" ಎಂದೆ.

"ನೀವು ಹೇಳ್ದಂಗೇ ಮೇಡಂ, ತಣ್ಣೀರಲ್ಲಿ. ಸಲೈನಲ್ಲಿ ಮಾಡ್ಲೇ ಇಲ್ಲ." ಕಿಟಕಿಯ ಪಕ್ಕದ ಡಿಸ್ಟಿಲ್ಡ್ ವಾಟರ್ ಕ್ಯಾನು ತೋರಿಸಿದರು. ಮೇಲೆ ಬಿಸಿಲು ಬಿದ್ದಿತ್ತು. ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು.

ಅವರ ನೋಟ್‌ಬುಕ್ ಕೇಳಿ ತೆಗೆದುಕೊಂಡೆ. ಐದನೇ ನಂಬರಿನ ಸಾಲು ಅಲ್ಲಿತ್ತು: ಟ್ರಿಸ್ ಬಫರ್, ನೀರಿನಲ್ಲಿ ಮಾತ್ರ, ಸಲೈನ್ ಬೇಡ. ಮೂರು ವಾರದ ಹಿಂದೆ ನನ್ನ ಮೂಗಿನ ಕೆಳಗೆ ತೆರೆದಿಟ್ಟಿದ್ದ ಸಾಲು.

ಟ್ರಿಸ್ ಬಫರಿನ ಗುಣ ಈ ಕೆಲಸದವರಿಗೆಲ್ಲ ಗೊತ್ತಿರುವಂಥದ್ದೇ: ತಣ್ಣಗಾದಷ್ಟೂ ಅದರ ಪಿಎಚ್ ಏರುತ್ತದೆ. ಅದಕ್ಕೇ ಕಾಲಂ ಎಷ್ಟು ತಣ್ಣಗಿರುತ್ತದೋ ಅಷ್ಟೇ ತಣ್ಣಗಿನ ನೀರಿನಲ್ಲಿ ಅದನ್ನು ಸರಿಮಾಡಬೇಕು. ಈ ಕಾರಣವನ್ನು ಒಂದು ವಾಕ್ಯದಲ್ಲಿ ಅವರಿಗೆ ಹೇಳಿದ್ದರೂ ಸಾಕಿತ್ತು. ನಾನು ಹೇಳಿರಲಿಲ್ಲ. ಹೇಳದೆಯೂ ಇದೆಲ್ಲ ಗೊತ್ತಿರಬೇಕು ಎಂದುಕೊಂಡಿದ್ದೆ.

ಪಿಎಚ್ ಮೀಟರನ್ನೇ ಎತ್ತಿಕೊಂಡು ಕೋಲ್ಡ್ ರೂಮಿಗೆ ಹೋದೆ. ಅವರೂ ಹಿಂದೆಯೇ ಬಂದರು. ಮೀಟರು ಚಳಿಗೆ ಹೊಂದಿಕೊಳ್ಳಲಿ ಎಂದು ಮುಕ್ಕಾಲು ಗಂಟೆ ಕಾದು, ಅಲ್ಲೇ ಸರಿಹೊಂದಿಸಿ, ಎಂಟು ಎಂಬ ಚೀಟಿಯಿದ್ದ ಬಾಟಲಿಗೆ ಅದ್ದಿದೆ. ಅಂಕೆ ಏರುತ್ತಾ ಹೋಗಿ ಎಂಟು ಪಾಯಿಂಟ್ ಏಳರಲ್ಲಿ ನಿಂತಿತು. ಅಷ್ಟು ಏರಿದರೆ ಆಂಟಿಬಾಡಿಗೂ ಋಣ ಅಂಶ ಹೆಚ್ಚಿ, ಅದೂ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಬೆಂಚಿನ ಮೇಲೆ ಅದೇ ಬಫರ್ ಎಂಟು ತೋರಿಸಿದ್ದು ಬೆಂಚಿನ ಸೆಖೆಗೆ.

ಅವರು ಅಂಕೆಯನ್ನೇ ನೋಡುತ್ತಿದ್ದರು. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರೇ ಕೇಳಿದರು: "ಹಂಗಾದ್ರೆ ನಾಲ್ಕನೇ ರನ್ ಮೇಡಂ? ಕಂಪ್ರೆಸರ್ ಹೋದ ದಿನ?"

ಆ ದಿನ ಕಾಲಂ ಬೆಚ್ಚಗಿತ್ತು. ಬಫರ್ ಎಂಟಕ್ಕೇ ಹತ್ತಿರವಿತ್ತು. ಆಂಟಿಬಾಡಿ ಬೇರೆಯಾಗಿಯೇ ಬಂದಿತ್ತು.

"ಅದು ಗುಳ್ಳೆ ಅಲ್ಲ," ಎಂದೆ.

ಅವರು ಬಾಗಿಲು ತೆರೆದು ಹೊರಗೆ ಹೋದರು. ನನಗೆ ಅಳು ಬಂದಿತು. ಆ ಚಳಿಯಲ್ಲಿ ನಿಂತು ಅತ್ತೆ. ಕೆಲಸ ಮುಂದುವರಿಯುವುದಿಲ್ಲವೆಂದು ಆಫೀಸಿನಿಂದ ಅವರಿಗೆ ಕಾಗದ ಬಂದದ್ದು ಅವತ್ತು ಬೆಳಗ್ಗೆಯೇ ಎಂದು ಆಮೇಲೆ ತಿಳಿಯಿತು. ಅದನ್ನು ಓದಿಕೊಂಡೇ ಅವರು ನನ್ನ ಗಂಟಲಿಗೆ ಬಿಸಿನೀರು ತರಲೇ ಎಂದು ಕೇಳಿದ್ದರು.

ನಿರ್ದೇಶಕರ ಕೋಣೆಗೆ ಹೋಗುವುದು ಸುಲಭವಾಗಿರಲಿಲ್ಲ. ಕೊನೆಯ ರನ್ ಮುಗಿಸಿ, ಫಲಿತಾಂಶ ಕೈಯಲ್ಲಿ ಹಿಡಿದುಕೊಂಡು ಹೋಗು ಎಂದು ಬುದ್ಧಿ ಹೇಳುತ್ತಿತ್ತು. ಗೆದ್ದ ಮೇಲೆ ತಪ್ಪು ಒಪ್ಪಿಕೊಂಡರೆ ಅವಮಾನ ಕಡಿಮೆ. ಆದರೆ ಆರನೆಯದೂ ಬೇರೆ ಯಾವುದೋ ಕಾರಣಕ್ಕೆ ಕೆಟ್ಟರೆ ಆಗ ನಾನು ಬಾಯಿ ಬಿಡುತ್ತೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಇಷ್ಟವಾಗಲಿಲ್ಲ. ಆಗಲೇ ಎದ್ದು ಹೋದೆ.

ನಿರ್ದೇಶಕರು ತಮಿಳಿನವರು, ತಣ್ಣೀರಿನ ಕಥೆ ಕೇಳಿ ಮೊದಲು ನಕ್ಕರು. ಆಮೇಲೆ ಗಂಭೀರವಾಗಿ, ಸೂಚನೆಯನ್ನು ಲಿಖಿತವಾಗಿ, ಇಂಗ್ಲಿಷಿನಲ್ಲಿ ಯಾಕೆ ಕೊಡಲಿಲ್ಲ ಎಂದರು. ವರದಿ ಹಿಂತೆಗೆದುಕೊಳ್ಳುತ್ತೇನೆ, ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ. ಅದು ನನ್ನ ಫೈಲಿಗೇ ಹೋಗುತ್ತದೆ ಎಂದು ನೆನಪಿಸಿದರು. ಹೋಗಲಿ ಎಂದೆ.

ಅವರಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಇರುಂದಾಲುಂ ಮೇಡಂ, ಅವಂಗ ಕೇಟ್ಟಿರುಕ್ಕಲಾಮೇ?" ಏನೇ ಆದರೂ ಆಕೆ ಒಂದು ಮಾತು ಕೇಳಬಹುದಿತ್ತಲ್ಲ ಎಂದು.

ತಣ್ಣೀರಲ್ಲೇನಾ ಮೇಡಂ? ನಿಂತ ಪೆನ್ನು ಕಣ್ಣಿಗೆ ಕಟ್ಟಿತು.

"ಕೇಟ್ಟಾಂಗ ಸಾರ್," ಎಂದೆ, ಕೇಳಿದ್ದರು ಎಂದು.

ಶುಕ್ರವಾರ ಕೊನೆಯ ಹತ್ತು ಮಿಲಿ ಕರಗಿಸಿದೆವು. ಬಫರಿಗೆ ಬೇಕಾದ ನೀರನ್ನು ಹಿಂದಿನ ದಿನವೇ ಕೋಲ್ಡ್ ರೂಮಿನಲ್ಲಿಟ್ಟು, ಅಲ್ಲೇ ಕಲಸಿ, ಅಲ್ಲೇ ಪಿಎಚ್ ಸರಿಮಾಡಿದರು ಅವರು. ಡಯಾಲಿಸಿಸ್ ಮುಗಿದದ್ದು ಸೋಮವಾರ. ನಾನು ಸ್ಟೂಲು ಹಾಕಿಕೊಳ್ಳಲಿಲ್ಲ. ಬಾಗಿಲ ಹೊರಗೆ ನಿಂತಿದ್ದೆ. ಹನ್ನೊಂದೂವರೆಗೆ ಗೆರೆ ಏಳತೊಡಗಿತು. ಎದ್ದು, ತುದಿ ಮುಟ್ಟಿ, ಇಳಿದು ನೆಲಕ್ಕೆ ಬಂತು. ಎಷ್ಟೋ ಹೊತ್ತಿನ ಮೇಲೆ ಉಪ್ಪುನೀರಿಗೆ ಎರಡನೆಯದು ಎದ್ದಿತು. ಎರಡರ ನಡುವೆ ಖಾಲಿ ಬಯಲು. ಜೆಲ್ ಮೇಲೆ ಆಂಟಿಬಾಡಿಯ ಪಟ್ಟೆಗಳು ಶುದ್ಧವಾಗಿ ಬಿದ್ದವು. ಸಿಕ್ಕದ್ದು ಸುಮಾರು ಎಂಬತ್ತು ಮಿಲಿಗ್ರಾಂ. ಮೊದಲ ಕಂತಿನ ಪಟ್ಟಿಗಳಿಗೆ ಸಾಕು, ಅದಕ್ಕಿಂತ ಹೆಚ್ಚಿಗಿಲ್ಲ. ಸಿಂಕಿಗೆ ಹೋದದ್ದೂ ಅಷ್ಟೇ ಇದ್ದಿರಬೇಕು.

ಅವರ ಕೆಲಸ ಖಾಯಂ ಆಯಿತು. ಅದರ ಕಾಗದ ಬಂದ ದಿನ ನಾನು ಹೋಗಿ ಕ್ಷಮೆ ಕೇಳಿದೆ. ಅವರು ನಗಲಿಲ್ಲ.

"ನಾಲ್ಕು ವಾರ ಮೇಡಂ," ಎಂದರು. "ದಿನಾ ಮನೆಗೆ ಹೋಗಿ ಎಲ್ಲಿ ತಪ್ಪು ಮಾಡ್ದೆ, ಎಲ್ಲಿ ತಪ್ಪು ಮಾಡ್ದೆ ಅಂತ ಯೋಚಿಸ್ತಿದ್ದೆ. ಹನ್ನೊಂದು ವರ್ಷದಲ್ಲಿ ಕೈ ಎಲ್ಲಾ ಮರ್ತುಹೋಗಿದೆ ಅಂತ ನಂಬಿಬಿಟ್ಟೆ. ಮಾವನಿಗೂ ಹೇಳ್ಬಿಟ್ಟಿದ್ದೆ, ಮುಂದಿನ ತಿಂಗಳಿಂದ ಗಲ್ಲಾಕ್ಕೆ ಬರ್ತೀನಿ ಅಂತ."

ಅವರು ನನ್ನೊಂದಿಗೆ ಅಷ್ಟು ಉದ್ದಕ್ಕೆ ಕನ್ನಡ ಮಾತಾಡಿದ್ದು ಅದೇ ಕೊನೆ. ಈಗ ಕೆಲಸವೆಲ್ಲ ಇಂಗ್ಲಿಷಿನಲ್ಲಿ. ಸ್ಪಷ್ಟವಾಗಿ, ಮರ್ಯಾದೆಯಿಂದ, ಪ್ರತಿ ಸೂಚನೆಗೂ ಡಿಗ್ರಿ ಸೇರಿಸಿ. ಬಫರ್ ಒಂದೂ ಕೆಟ್ಟಿಲ್ಲ. ನಾನು ಕನ್ನಡದಲ್ಲಿ ಏನಾದರೂ ಕೇಳಿದರೂ ಉತ್ತರ ಬರುವುದು ಇಂಗ್ಲಿಷಿನಲ್ಲೇ. ವಾಟಿ, ಕೊಂಜ, ಆನಾ ಯಾವುದೂ ನನ್ನ ಕಿವಿಗೆ ಬೀಳುವುದಿಲ್ಲ. ತಿದ್ದಲು ಏನೂ ಉಳಿದಿಲ್ಲ. ಕೋಲ್ಡ್ ರೂಮಿನಿಂದ ಕೆಮ್ಮುತ್ತಾ ಬಂದ ದಿನ ನನ್ನ ಮೇಜಿನ ಮೇಲೆ ಫ್ಲಾಸ್ಕು ತಂದಿಡುವುದನ್ನು ಮಾತ್ರ ಅವರು ಬಿಟ್ಟಿಲ್ಲ.

"ವಾರ್ಮ್ ವಾಟರ್, ಮೇಡಂ," ಎನ್ನುತ್ತಾರೆ.

ನಾನು ಥ್ಯಾಂಕ್ಯೂ ಎನ್ನುತ್ತೇನೆ.